ಬರೆದ ಬುರುಡೆ, ಬಿಟ್ಟ ಬುರುಡೆ

ಬೇರೆಯವರಿಗೆ ವರ್ಷಕ್ಕೊಂದು ಎಡವಟ್ಟಾದರೆ ನನಗೆ ವಾರಕ್ಕೊಂದು ಆಗುತ್ತಿತ್ತು. ಅದೂ ಒಂದೇ ಒಂದು ಪದದ ದೆಸೆಯಿಂದ. ಎಪ್ಪತ್ತರ ದಶಕದಲ್ಲಿ ನಾನು ಹಿರಿಯೂರಿನಲ್ಲಿ ಬೋರ್ಡು ಬರೆಯುತ್ತಿದ್ದೆ. ಹಳ್ಳಿಹಳ್ಳಿಗೂ ಕರೆಂಟು ಎಳೆಯುತ್ತಿದ್ದ ಕಾಲ. ಕಂಬ ನೆಟ್ಟಲ್ಲೆಲ್ಲ 'ಅಪಾಯ' ಅನ್ನುವ ತಗಡಿನ ಬೋರ್ಡು ಬೇಕು, ಅದರ ನಡುವೆ ಒಂದು ತಲೆಬುರುಡೆ ಬೇಕು, ಬುರುಡೆಯ ಕೆಳಗೆ ಅಡ್ಡಡ್ಡ ಎರಡು ಮೂಳೆ ಬೇಕು. ಚಿತ್ರದುರ್ಗದ ಕಂಟ್ರಾಕ್ಟರೊಬ್ಬರು ಆ ಕೆಲಸವನ್ನು ನನಗೆ ವಹಿಸಿದ್ದರು. ಬರೆದೂ ಬರೆದೂ ಕಣ್ಣು ಮುಚ್ಚಿದರೆ ಬುರುಡೆ, ತೆರೆದರೆ ಬುರುಡೆ. ಊರಲ್ಲಿ ನನ್ನ ಹೆಸರೇ 'ಬುರುಡೆ ಪೇಂಟರು' ಅಂತಾಗಿಹೋಯಿತು.

ಆದರೆ ನಮ್ಮ ಸೀಮೆಯಲ್ಲಿ ಬುರುಡೆ ಅಂದರೆ ಸತ್ತವನ ತಲೆ ಮಾತ್ರವೇ? ಉರಿಯುವ ಬಲ್ಬೂ ಬುರುಡೆ. ಕುರಿ ಕಾಯುವವರ ಹೆಗಲಿಗೆ ನೇತಾಡುವ ಒಣ ಸೋರೆಕಾಯಿಯೂ ಬುರುಡೆ. ಬಾಯಿಗೆ ಬಂದಂತೆ ಬಿಡುವ ಸುಳ್ಳೂ ಬುರುಡೆ. ಯಾರೇ ಈ ಪದ ಎತ್ತಿದರೂ 'ಯಾವ ಬುರುಡೆ ಸ್ವಾಮಿ?' ಅಂತ ಮೊದಲು ಕೇಳಿಕೊಳ್ಳಬೇಕು. ಅದು ನನಗೆ ಹೊಳೆಯುವ ಹೊತ್ತಿಗೆ ಆಗಬಾರದ್ದೆಲ್ಲ ಆಗಿತ್ತು.

ಅಂಗಡಿ ಬುರುಡೆ

ಪೇಟೆ ಬೀದಿಯಲ್ಲಿ ಒಬ್ಬರು ಹೊಸದಾಗಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಹಾಕಿದರು. ಅವಸರದಲ್ಲಿ ಬಂದು, "ಪೇಂಟ್ರೇ, ಹೆಸರು ಮೇಲ್ಗಡೆ ದೊಡ್ಡದಾಗಿ ಬರೀರಿ. ಕೆಳಗೆ ಮೂರು ಬುರುಡೆ ಹಾಕ್ರಿ. ದೂರದಿಂದ ನೋಡಿದ್ರೆ ಫಳಫಳ ಅನ್ನಬೇಕು" ಅಂದರು.

"ಅಂಗಡಿ ಬೋರ್ಡಿಗೆ ಬುರುಡೇನಾ?"

"ಮತ್ತೆ? ನಮ್ಮ ವ್ಯಾಪಾರಾನೇ ಅದು. ಅದನ್ನ ನೋಡೇ ಗಿರಾಕಿ ಒಳಗೆ ಬರಬೇಕು."

ಕರೆಂಟಿನ ವ್ಯಾಪಾರ ಅಲ್ಲವೇ, ಇರಬಹುದು ಅನ್ನಿಸಿತು. ಮೂರು ಬುರುಡೆ ಬರೆದೆ. ಫಳಫಳ ಅನ್ನಲಿ ಅಂತ ಹಲ್ಲಿಗೆ ಎರಡೆರಡು ಸಲ ಬಿಳಿ ಬಣ್ಣ ಹೊಡೆದೆ.

ಅಂಗಡಿ ಪೂಜೆಯ ದಿನ ಬೋರ್ಡಿಗೆ ಬಟ್ಟೆ ಮುಚ್ಚಿದ್ದರು. ನೆಂಟರಿಷ್ಟರೆಲ್ಲ ಸೇರಿದ್ದರು. ಮಾಲೀಕರ ಮಾವ ಬಟ್ಟೆ ಎಳೆದರು. ಪುರೋಹಿತರ ಮಂತ್ರ ಅರ್ಧಕ್ಕೇ ನಿಂತಿತು. ಮಾಲೀಕರು ಬೋರ್ಡು ನೋಡಿದರು, ನನ್ನನ್ನು ನೋಡಿದರು.

"ಏನಯ್ಯಾ ಇದು? ನಾನು ಅಂಗಡಿ ತೆಗೀತಿದೀನೋ, ಸುಡುಗಾಡು ತೆಗೀತಿದೀನೋ?"

"ನೀವೇ ಬುರುಡೆ ಅಂದ್ರಲ್ಲ!"

"ಬಲ್ಬು ಕಣಯ್ಯಾ! ಉರಿಯೋ ಬುರುಡೆ!"

"ಬಲ್ಬು ಅಂತಲೇ ಅನ್ನಬೇಕಿತ್ತು."

"ನಮ್ಮಪ್ಪ, ನಮ್ಮಜ್ಜ, ಎಲ್ಲರೂ ಬುರುಡೆ ಅಂತಲೇ ಅಂದಿದ್ದು!"

"ನಿಮ್ಮಜ್ಜನ ಕಾಲದಲ್ಲಿ ಈ ಊರಿಗೆ ಕರೆಂಟೇ ಇರಲಿಲ್ಲ!"

ನಾವಿಬ್ಬರೂ ಬೀದಿಯಲ್ಲಿ ಹೀಗೆ ಕಿತ್ತಾಡುತ್ತಿರುವಾಗ ರೈತರೊಬ್ಬರು ಜನರನ್ನು ಸರಿಸಿಕೊಂಡು ಮುಂದೆ ಬಂದರು. ಅಂಗಡಿಯ ಮೊದಲ ಗಿರಾಕಿ. ಬೋರ್ಡನ್ನೊಮ್ಮೆ ಮೆಚ್ಚುಗೆಯಿಂದ ನೋಡಿ ಕೇಳಿದರು:

"ಇಲಿ ಪಾಷಾಣ ಕೊಡ್ರಿ ಸ್ವಾಮಿ. ನಿಮ್ಮಲ್ಲಿ ಜೋರಾಗಿರೋದೇ ಇರ್ತೈತೆ ಅಂತ ಬೋರ್ಡು ನೋಡಿದ್ರೇ ಗೊತ್ತಾಗ್ತೈತೆ."

ನಗುವ ಬುರುಡೆ

ಐಮಂಗಲದ ಆಚೆಯ ಒಂದು ಹಳ್ಳಿಗೆ ಟ್ರಾನ್ಸ್‌ಫಾರ್ಮರ್ ಬಂತು. ಲೈನ್‌ಮನ್ ಜೊತೆ ನಾನೂ ಬೋರ್ಡು ಹಿಡಿದು ಹೋದೆ. ಬೋರ್ಡು ಕಟ್ಟಿ ಇಳಿಯುವುದರೊಳಗೆ ಊರಿಗೆ ಊರೇ ಕೆಳಗೆ ನಿಂತಿತ್ತು. ಹೆಗಲ ಮೇಲೆ ಕಂಬಳಿ ಹೊದ್ದ ಯಜಮಾನರೊಬ್ಬರು, ಕುರಿ ಸಾಕುವವರು, ಕೇಳಿದರು:

"ಏನಪ್ಪ ಇದು?"

"ಮುಟ್ಟಿದ್ರೆ ಸಾಯ್ತಾರೆ ಅಂತ ಎಚ್ಚರಿಕೆ ಯಜಮಾನ್ರೆ. ಅದಕ್ಕೇ ಬುರುಡೆ."

ಯಜಮಾನರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. "ಅದು ನಗ್ತಾ ಐತಲ್ಲೋ!"

"ನಗೋದಲ್ಲ ಯಜಮಾನ್ರೆ. ಬುರುಡೆಗೆ ತುಟಿ ಇರಲ್ಲ, ಹಲ್ಲು ಕಾಣ್ತವೆ."

"ನನಗೇ ಹೇಳ್ತೀಯೇನೋ? ಹುಟ್ಟಿದಾಗಿಂದ ಕುರಿ ತಲೆ ನೋಡೀನಿ, ಟಗರಿನ ತಲೆ ನೋಡೀನಿ. ಸತ್ತ ಮೇಲೆ ಒಂದೂ ಹಿಂಗೆ ನಕ್ಕಿಲ್ಲ. ಸತ್ತೋನೇ ಇಷ್ಟು ಖುಷಿಯಾಗಿದ್ರೆ ಬದುಕಿರೋರು ಯಾಕಪ್ಪ ಹೆದರ್ತಾರೆ?"

ಅವರ ಮಾತು ಸುಳ್ಳಾಗಿರಲಿಲ್ಲ. ನಗುವ ಬುರುಡೆ ನೋಡುವುದಕ್ಕೆ ಜನ ಟ್ರಾನ್ಸ್‌ಫಾರ್ಮರ್ ಬುಡಕ್ಕೇ ಬಂದು ನಿಲ್ಲುತ್ತಿದ್ದರು. ಲೈನ್‌ಮನ್ ಕೈ ಮುಗಿದ: "ಬಾಯಿ ಮುಚ್ಚಿಸಿಬಿಡ್ರಿ ಪೇಂಟ್ರೇ. ಇಲ್ಲಾಂದ್ರೆ ನಾನು ಇಲ್ಲೇ ಕಾವಲು ಕುಂತ್ಕಬೇಕಾಗ್ತದೆ."

ಬೋರ್ಡು ಬಿಚ್ಚಿ, ಉರಿಬಿಸಿಲಲ್ಲಿ ಕೂತು, ಹಲ್ಲಿನ ಮೇಲೆ ಬಣ್ಣ ಹೊಡೆದು ಬಾಯಿ ಮುಚ್ಚಿಸಿದೆ. ಯಜಮಾನರು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು. "ಈಗ ಅಳ್ತಾ ಇರೋ ಹಂಗೈತೆ. ಹುಬ್ಬು ಗಂಟು ಹಾಕಿಸು" ಅಂದರು. ಬುರುಡೆಗೆ ಹುಬ್ಬು ಎಲ್ಲಿಂದ ಬರಬೇಕು? ವಾದ ಮಾಡಿ ಸಾಕಾಗಿ ಹುಬ್ಬು ಬರೆದೆ. "ಮೀಸೆ ಇಲ್ದಿರೋನಿಗೆ ಯಾರು ಹೆದರ್ತಾರೆ?" ಅಂದರು. ಮೀಸೆಯನ್ನೂ ಇಟ್ಟೆ. ಆಗ ಯಜಮಾನರೇ ಒಂದು ಹೆಜ್ಜೆ ಹಿಂದೆ ಸರಿದು, "ಆತು. ಇನ್ನು ಕಟ್ರಿ" ಅಂದರು.

ಮುಂದೆ ಕೆಲವೇ ದಿನಕ್ಕೆ ದುರ್ಗದಿಂದ ಎಂಜಿನಿಯರು ಜೀಪಿನಲ್ಲಿ ಪರಿಶೀಲನೆಗೆ ಬಂದರು. ನನ್ನನ್ನೂ ಕರೆಸಿದ್ದರು. ಬೋರ್ಡಿನ ಮುಂದೆ ತುಂಬ ಹೊತ್ತು ನಿಂತರು. ನಿಂತೇ ತಮ್ಮ ಮೀಸೆಯನ್ನೊಮ್ಮೆ ಮುಟ್ಟಿ ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ನಾನು ನಿನಗೇನಯ್ಯಾ ಅನ್ಯಾಯ ಮಾಡಿದ್ದೆ?"

ನಾನು ಬಾಯಿ ಬಿಡುವ ಮೊದಲೇ ಯಜಮಾನರು ಮುಂದೆ ಬಂದರು: "ಬೈಬ್ಯಾಡ್ರಿ ಸ್ವಾಮಿ. ನಿಮ್ಮ ಮುಖ ಹಾಕಿದ ಮೇಲೇ ನಮ್ಮ ಜನ ದೂರ ನಿಂತಿರೋದು."

ಬುತ್ತಿ ಬುರುಡೆ

ಬಬ್ಬೂರಿನ ಕಡೆ ಒಬ್ಬರದು ದೊಡ್ಡ ಹತ್ತಿ ತೋಟ. ಗಿಡಕ್ಕೆ ಹೊಡೆಯುವ ಔಷಧಿ ಇಡುವ ಕೋಣೆಯ ಬಾಗಿಲಿಗೆ ಬುರುಡೆ ಬರೆಯಲು ಕರೆಸಿದ್ದರು. ಬರೆದು ಮುಗಿಸಿದೆ. ಹೊರಡಬೇಕು, ಅಷ್ಟರಲ್ಲಿ ಕೂಲಿಗೆ ಬರುವ ಅಜ್ಜಿಯೊಬ್ಬಳು ತನ್ನ ಬುತ್ತಿಯ ಡಬ್ಬಿ ತಂದು ಮುಂದೆ ಹಿಡಿದಳು.

"ಯಪ್ಪಾ, ಇದಕ್ಕೂ ಒಂದು ಬುರುಡೆ ಹಾಕ್ಕೊಡು. ದಿನಾ ಯಾವನೋ ನನ್ನ ಚಟ್ನಿ ತಿಂದು ಹೋಗ್ತಾನೆ."

ಪಾಪ ಅಂತ ಹಾಕಿಕೊಟ್ಟೆ. ಹಿಂದೆಯೇ ಉಳಿದ ಹೆಂಗಸರೂ ಡಬ್ಬಿ ಹಿಡಿದು ಸಾಲು ನಿಂತರು. ಇಲ್ಲ ಅಂದರೆ ಕೇಳುವವರು ಯಾರು? ಎಲ್ಲ ಡಬ್ಬಿಗೂ ಹಾಕಿದೆ.

ಮಧ್ಯಾಹ್ನ ತೋಟದ ಮೇಸ್ತ್ರಿ ಬಂದು ನೋಡುತ್ತಾನೆ: ಬೇವಿನ ಮರದ ಕೆಳಗೆ ಹೆಂಗಸರೆಲ್ಲ ಸಾಲಾಗಿ ಕೂತು ಬುರುಡೆ ಡಬ್ಬಿಯಿಂದ ತೆಗೆತೆಗೆದು ತಿನ್ನುತ್ತಿದ್ದಾರೆ! ಅವನು ಎದ್ದೆನೋ ಬಿದ್ದೆನೋ ಅಂತ ಓಡಿಬಂದು, "ಉಗುಳ್ರೇ! ಉಗುಳ್ರೇ!" ಅಂತ ಕೂಗಿಕೊಂಡ.

ಅಜ್ಜಿ ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿ ಹೇಳಿದಳು: "ಉಪ್ಪು ಒಂಚೂರು ಜಾಸ್ತಿ ಆಗೈತೆ, ಒಪ್ಕಂತೀನಿ. ಉಗುಳೋವಷ್ಟೇನು ಕೆಟ್ಟಿಲ್ಲ."

ಬೈಗುಳವೆಲ್ಲ ನನಗೇ ಬಂತು. ಅದು ಹೋಗಲಿ. ಮುಂದಿನ ಸಲ ಆ ಕಡೆ ಹೋದಾಗ ಅದೇ ಅಜ್ಜಿ ಅದೇ ಡಬ್ಬಿ ಹಿಡಿದು ಮತ್ತೆ ನನ್ನ ಮುಂದೆ ನಿಂತಳು. "ಇದಕ್ಕೆ ಇನ್ನೊಂದು ಬುರುಡೆ ಹಾಕ್ಕೊಡಪ್ಪ. ಒಂದಕ್ಕೆ ಆ ಚಟ್ನಿ ಕಳ್ಳ ಹೆದರೋದು ಬಿಟ್ಟವ್ನೆ."

ಹೋಟೆಲಿನ ಬುರುಡೆ

ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲು. ಒಂದು ಟೀ ಕುಡಿದು ಇಡೀ ದಿನ ಕೂತು ಹರಟೆ ಕೊಚ್ಚುವವರಿಂದ ಮಾಲೀಕರು ಬೇಸತ್ತಿದ್ದರು. ಅದರಲ್ಲೂ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ಅವರು ಒಂಟಿಯಾಗಿ ಚಿರತೆ ಓಡಿಸಿದ ಕಥೆಯಲ್ಲಿ ಚಿರತೆ ದಿನದಿನಕ್ಕೆ ಬೆಳೆಯುತ್ತಿತ್ತು. "ಖಡಕ್ಕಾಗಿ ಒಂದು ಬೋರ್ಡು ಬರೀರಿ" ಅಂದರು ಮಾಲೀಕರು. ಅವರು ಹೇಳಿದಂತೆಯೇ ಬರೆದೆ: 'ಇಲ್ಲಿ ಬುರುಡೆ ಬಿಡಬಾರದು.'

ಬೋರ್ಡು ಗೋಡೆಗೆ ಏರಿದಾಗ ನಾನೂ ಅಲ್ಲೇ ಟೀ ಕುಡಿಯುತ್ತಿದ್ದೆ. ಹೊರಕೆರೆದೇವಪುರದ ಕಡೆಯ ಕುರಿಗಾಹಿಯೊಬ್ಬರು ಬಂದರು. ಸಂತೆಗೆ ಬಂದಾಗಲೆಲ್ಲ ನೀರಿನ ಸೋರೆಬುರುಡೆಯನ್ನು ಹೋಟೆಲಿನ ಮೂಲೆಯಲ್ಲಿಟ್ಟು ಹೋಗುವುದು ಅವರ ರೂಢಿ. ಬೋರ್ಡನ್ನು ಅಕ್ಷರ ಕೂಡಿಸಿ ಓದಿದರು. ಮುಖ ಸಣ್ಣದಾಯಿತು. ಬುರುಡೆಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಲ್ಲಿ ಅವುಚಿ ಹಿಡಿದು ಕೂತುಬಿಟ್ಟರು.

"ಯಾಕಣ್ಣ, ಸಂತೆಗೆ ಹೋಗಲ್ವಾ? ಬುರುಡೆ ಅಲ್ಲಿಡು" ಅಂದರು ಮಾಲೀಕರು.

"ಬಿಡಬಾರದು ಅಂತ ನೀನೇ ಬರ್ಸೀಯಲ್ಲ! ಇಷ್ಟು ವರ್ಷದಿಂದ ಬಿಡ್ತಿದ್ದೆ. ನಿನ್ನ ಮೂಲೆ ಏನಾರ ಸವೆದು ಹೋಗಿತ್ತಾ?"

"ಅಯ್ಯೋ, ಆ ಬುರುಡೆ ಅಲ್ಲಣ್ಣ! ಬಾಯಿಂದ ಬಿಡೋ ಬುರುಡೆ!"

"ಬಾಯಿಗೆ ಬುರುಡೆ ಇಟ್ಟು ಪುಂಗಿ ಊದಾಕೆ ನಾನೇನು ಹಾವಾಡಿಗನಾ?" ಅಂತ ಎದ್ದು ಎದುರಿನ ಹೋಟೆಲಿಗೆ ಹೋದರು. ಅವರ ಹಿಂದೆಯೇ ಅವರ ಊರಿನ ಗಿರಾಕಿಗಳೆಲ್ಲ ಹೋದರು.

ಮಾಲೀಕರು ತಲೆ ಮೇಲೆ ಕೈಹೊತ್ತು ಗಲ್ಲಾದ ಹಿಂದೆ ಕೂತರು. ಬೋರ್ಡಿನ ಕೆಳಗೆ ಉಳಿದವರು ಪೋಸ್ಟ್‌ಮ್ಯಾನ್ ಒಬ್ಬರೇ. ಅವರು ಬೋರ್ಡನ್ನು ಗಟ್ಟಿಯಾಗಿ ಓದಿ, ಟೀ ಲೋಟ ಕೆಳಗಿಟ್ಟು ಶುರು ಮಾಡಿದರು: "ಇಂಥದ್ದೇ ಒಂದು ಬೋರ್ಡು ನಾನು ಚಿರತೆ ಓಡಿಸಿದ ಕಾಡಿನಾಗೂ ಇತ್ತು..."

ಬೀಗರ ಬುರುಡೆ

ಇದು ಮಾತ್ರ ನಮ್ಮ ಮನೆಯೊಳಗೇ ನಡೆದದ್ದು. ಆಗ ನನಗೆ ನಗು ಬರಲಿಲ್ಲ, ಜೀವವೇ ಹೋದಂತಾಗಿತ್ತು.

ನನ್ನ ತಂಗಿಗೆ ಗಂಡು ನೋಡುತ್ತಿದ್ದೆವು. ಹುಡುಗಿಯಲ್ಲಿ ಯಾರೂ ಕುಂದು ಹೇಳಲಿಲ್ಲ. ಆದರೆ "ಅಣ್ಣ ಮನೇಲಿ ಕೂತು ಬುರುಡೆ ಬರೀತಾನಂತೆ, ಅಪಶಕುನ" ಅಂತ ಬಂದ ಸಂಬಂಧಗಳು ಬಾಗಿಲಿಂದಲೇ ಹಿಂದೆ ಹೋಗುತ್ತಿದ್ದವು. ಅಮ್ಮ ನನ್ನ ಜೊತೆ ಮಾತು ಬಿಡುವುದೊಂದು ಬಾಕಿ ಇತ್ತು. ಕೊನೆಗೆ ಹೊಸದುರ್ಗದಿಂದ ಒಳ್ಳೆಯ ಸಂಬಂಧ ಬಂತು. ಹುಡುಗ ಮೇಷ್ಟ್ರು. ಅವನ ಸೋದರಮಾವ ಹೇಳಿದ್ದೇ ಆ ಮನೆಯಲ್ಲಿ ಕೊನೆಯ ಮಾತು. "ಅವರು ಹೆಣ್ಣು ನೋಡಾಕೆ ಬಂದಾಗ ಒಂದೇ ಒಂದು ಬುರುಡೆ ಕಣ್ಣಿಗೆ ಬಿದ್ರೆ ನಿನ್ನ ಬುರುಡೆ ಒಡೀತೀನಿ" ಅಂತ ಅಮ್ಮ ಮೊದಲೇ ಹೇಳಿದ್ದಳು.

ಸಂಜೆ ಬರುತ್ತೇವೆ ಅಂದವರು ಬೆಳಿಗ್ಗೆಯೇ ಬಂದಿಳಿದರು. ಪಡಸಾಲೆಯ ಗೋಡೆಗೆ ಬೋರ್ಡುಗಳನ್ನು ಸಾಲಾಗಿ ಒರಗಿಸಿದ್ದೆ. ಬಿಳಿ ಬಣ್ಣದ ಮೇಲೆ ಆಗಷ್ಟೇ ಬರೆದ ಕೆಂಪು ಬುರುಡೆಗಳು, ಇನ್ನೂ ಹಸಿ. ಅಮ್ಮ ಗಾಬರಿಯಲ್ಲಿ ಕೈಗೆ ಸಿಕ್ಕ ಕೆಂಪು ಪಟ್ಟೆಯ ಜಮಖಾನ ತೆಗೆದು ಅವುಗಳ ಮೇಲೆ ಎಸೆದಳು. ಬಂದವರು ಅಂಗಳದಲ್ಲಿ ಕೈಕಾಲು ತೊಳೆಯುವುದರೊಳಗೆ ನಾನು ಜಮಖಾನ ಸರಿಸಿ, ಬೋರ್ಡುಗಳನ್ನೆಲ್ಲ ಹಿತ್ತಿಲಿಗೆ ಸಾಗಿಸಿದೆ. ಉಸಿರು ಬಿಟ್ಟು ಒಳಗೆ ಬರುತ್ತೇನೆ, ನೆರವಿಗೆ ಬಂದಿದ್ದ ನಮ್ಮ ಸೋದರತ್ತೆ ಅದೇ ಜಮಖಾನವನ್ನು ನಡುಮನೆಯಲ್ಲಿ ಹಾಸಿದ್ದಾಳೆ! ಹಸಿ ಬಣ್ಣ ಹತ್ತಿದ ಮಗ್ಗುಲೇ ಮೇಲೆ. ಕೆಂಪು ಪಟ್ಟೆಯಲ್ಲಿ ಕೆಂಪು ಬಣ್ಣ ಯಾರಿಗೆ ಕಾಣಬೇಕು? ಸೋದರಮಾವ ಬಿಳಿ ಪಂಚೆ ಉಟ್ಟು ಅದರ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಪಕ್ಕದಲ್ಲಿ ಹುಡುಗನ ಅಪ್ಪ.

"ಕುರ್ಚಿ ಮೇಲೆ ಕುಂತ್ಕಳ್ರಿ ಮಾವ" ಅಂತ ಅಂಗಲಾಚಿದೆ.

"ಬ್ಯಾಡಪ್ಪ, ನೆಲವೇ ಆರಾಮ" ಅಂದವರು, ಇನ್ನೂ ಚೆನ್ನಾಗಿ ಅಲ್ಲಾಡಿ ಒತ್ತಿ ಕೂತರು.

ಉಪ್ಪಿಟ್ಟಾಯಿತು, ಕಾಫಿಯಾಯಿತು. ತಂಗಿ ಬಂದು ನಮಸ್ಕರಿಸಿದಳು. ಹುಡುಗನ ಮುಖ ನೋಡಿದರೆ ಒಪ್ಪಿಗೆ ಅನ್ನುವುದು ಕಾಣುತ್ತಿತ್ತು. "ಊರಿಗೆ ಹೋಗಿ ತಿಳಿಸ್ತೀವಿ" ಅಂತ ಸೋದರಮಾವ ಎದ್ದರು, ತಿರುಗಿದರು.

ಬೋರ್ಡಿನಿಂದ ಜಮಖಾನಕ್ಕೆ ತಿರುಗುಮುರುಗಾಗಿ ಬಿದ್ದದ್ದು, ಜಮಖಾನದಿಂದ ಪಂಚೆಗೆ ನೆಟ್ಟಗೆ ಬಿದ್ದಿತ್ತು. ಅವರ ಹಿಂಭಾಗದಲ್ಲಿ ಹಲ್ಲು ಕಿರಿದ ಬುರುಡೆ, ಅಡ್ಡಡ್ಡ ಮೂಳೆ, ಮೇಲೆ ಸ್ಪಷ್ಟವಾಗಿ 'ಅಪಾಯ'. ಹುಡುಗನ ಅಪ್ಪನ ಹಿಂದೆ '೪೪೦ ವೋಲ್ಟ್' ಅಂತ ಮಾತ್ರ ಇತ್ತು.

ಅಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ತಂಗಿ ಕಿಸಕ್ಕನೆ ನಕ್ಕು ಒಳಗೆ ಓಡಿದಳು. ನಾನು ಬಸ್‌ಸ್ಟ್ಯಾಂಡಿನವರೆಗೂ ಅವರ ಹಿಂದೆ ಹಿಂದೆಯೇ ನಡೆದೆ. "ಮಾವ, ಬಿಸಿಲೈತೆ, ಟವಲ್ಲು ಹಿಂದಕ್ಕೆ ಬಿಟ್ಕಳ್ರಿ" ಅಂದೆ.

"ಬಿಸಿಲು ನೆತ್ತಿಗೆ ಹೊಡೀತದೆ ಕಣಪ್ಪ, ಕುಂತ್ಕಳ ಜಾಗಕ್ಕಲ್ಲ" ಅಂದರು. ಬಸ್ಸು ಬಂತು, ಹತ್ತಿ ಹೋದರು.

ಆಮೇಲೆ ಹೊಸದುರ್ಗದಿಂದ ಸುದ್ದಿಯೇ ಇಲ್ಲ. ಅಮ್ಮ ನನಗೆ ಅನ್ನ ಬಡಿಸುವಾಗ ತಟ್ಟೆ ಕುಕ್ಕುತ್ತಿದ್ದಳು. ತಂಗಿ ಮಾತ್ರ ಅಡುಗೆಮನೆಯಲ್ಲಿ ಸುಮ್ಮಸುಮ್ಮನೆ ನಗುತ್ತಿದ್ದಳು, ಆಮೇಲೆ ಅವಳೂ ನಗುವುದು ಬಿಟ್ಟಳು. ಅದೇ ನನಗೆ ಹೆಚ್ಚು ಸಂಕಟವಾಯಿತು. ಹೀಗಿರುವಾಗ ಒಂದು ಬೆಳಿಗ್ಗೆ ಸೋದರಮಾವ ಒಬ್ಬರೇ, ಕಂಕುಳಲ್ಲಿ ಚೀಲ ಇಟ್ಟುಕೊಂಡು ಬಾಗಿಲಲ್ಲಿ ನಿಂತರು. ಚೀಲದಿಂದ ಪಂಚೆಯ ಅಂಚು ಇಣುಕುತ್ತಿತ್ತು. ಪಂಚೆಯ ಜೊತೆಗೆ ನನ್ನ ಮಾನವನ್ನೂ ಹರಾಜು ಹಾಕುವುದಕ್ಕೆ ಬಂದರು ಅಂದುಕೊಂಡು ಕೈಮುಗಿದು ನಿಂತೆ.

"ಅವತ್ತು ಬಸ್‌ನಾಗೆ ಕಾಲಿಡಾಕೆ ಜಾಗ ಇರ್ಲಿಲ್ಲ ಕಣಪ್ಪ. ನಿಂತ್ಕಂಡೇ ಹೋದ್ವಿ" ಅಂತ ಶುರು ಮಾಡಿದರು. "ಆದ್ರೆ ಊರು ಸೇರೋ ತನಕ ನನ್ನ ಹಿಂದೆ ಒಬ್ಬನೂ ಒತ್ತಿ ನಿಲ್ಲಲಿಲ್ಲ. ಜನಕ್ಕೆ ನನ್ನ ಮ್ಯಾಲೆ ಎಷ್ಟು ಗೌರವ ಐತೆ ಅಂದ್ಕಂಡೆ. ಮನೆಗೆ ಹೋದ ಮೇಲೆ ಗೊತ್ತಾತು."

"ತಪ್ಪಾತು ಮಾವ..."

"ತಪ್ಪು ಗಿಪ್ಪು ಆಮೇಲೆ. ಹುಡುಗ ಒಪ್ಪವ್ನೆ, ನಕ್ಕೊಂಡು ಓಡಿದ ಹುಡುಗೀನೇ ಬೇಕಂತೆ. ಮದುವೆ ಮಾತು ಸಾವಕಾಶ ಕುಂತು ಆಡಾಣ." ಅಷ್ಟು ಹೇಳಿ ಚೀಲದಿಂದ ಮಡಿಕೆ ಬಿಚ್ಚದ ಹೊಸ ಪಂಚೆ ತೆಗೆದು ನನ್ನ ಕೈಗಿಟ್ಟರು. "ಮೊದ್ಲು ಇದಕ್ಕೊಂದು ಬರ್ಕೊಡು. ಬೆಂಗಳೂರು ಬಸ್ಸಿಗೆ ಹೋಗಬೇಕು. ಅಲ್ಲಿ ಜನ ಇನ್ನೂ ಜಾಸ್ತಿ, ಒಂಚೂರು ದೊಡ್ಡದಾಗೇ ಇರ್ಲಿ."