ಪರ್ಮಾಂಗನೇಟನ್ನು ಎಬ್ಬಿಸಿದ್ದು

ಉದ್ದನೆಯ ಹೆಸರಿನ ವಸ್ತುವೊಂದನ್ನು ಸರ್ಕಾರ ಹಳ್ಳಿಗೆ ಕಳಿಸಿದರೆ, ವಸ್ತುವಿಗಿಂತ ಮುಂಚೆ ಅದರ ಹೆಸರೇ ಕೆಲಸ ಶುರುಮಾಡುತ್ತದೆ. ಕೋಟೆ ತಾಲ್ಲೂಕಿನಲ್ಲಿ ನಾನು ಹೆಲ್ತ್ ಇನ್ಸ್‌ಪೆಕ್ಟರಾಗಿದ್ದಷ್ಟು ಕಾಲವೂ ಇಂಥದ್ದು ನಡೆಯುತ್ತಲೇ ಇತ್ತು. ವಾಂತಿಭೇದಿ ಬಂದ ವರ್ಷ ನನ್ನ ಪಾಲಿಗೆ ಬಂದದ್ದು ಪೊಟ್ಯಾಸಿಯಂ ಪರ್ಮಾಂಗನೇಟ್. ಕಡುನೇರಳೆ ಹರಳು, ಬಾವಿಗೆ ಹಾಕಿದರೆ ಕ್ರಿಮಿ ಸಾಯುತ್ತದೆ. ಬಿ.ಎಸ್ಸಿ. ಓದಿದ್ದ ನಾನು ಹೆಸರನ್ನು ಮೊಟಕು ಮಾಡದೆ ಪೂರ್ತಿ ಹೇಳುತ್ತಿದ್ದೆ.

ಸಾಬರ ಕರವಸ್ತ್ರ

ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹುಣಸೂರಿನಿಂದ ಮೋಟಾರಿನಲ್ಲಿ ಬರುತ್ತಿದ್ದೆ. ಬೆಳಗಿನ ಮಂಜು. ರಸ್ತೆ ಇದೆಯೋ ಇಲ್ಲವೋ ಎಂಬುದು ಡ್ರೈವರನ ಅಭಿಪ್ರಾಯಕ್ಕೆ ಬಿಟ್ಟದ್ದು. ಅರೆನಿದ್ದೆಯಲ್ಲಿ ಡಬ್ಬಿಯ ಮುಚ್ಚಳ ಸಡಿಲವಾಗಿ ಒಂದೆರಡು ಹರಳು ಪಕ್ಕದವರ ಒದ್ದೆ ಕರವಸ್ತ್ರದ ಮೇಲೆ ಬಿದ್ದವು. ಅವರು ಹುಣಸೂರಿನಲ್ಲಿ ಸೀರೆಗೆ ಬಣ್ಣ ಹಾಕುವ ಸಾಬರು. ಬಟ್ಟೆಯ ಮೇಲೆ ನೇರಳೆ ನಿಧಾನವಾಗಿ ಹರಡಿತು, ಸಂಜೆಯ ಆಕಾಶ ತಾನಾಗಿ ಬಂದು ಕೂತ ಹಾಗೆ.

‘ಅರೆ, ಏನು ರಂಗು ಇನ್ಸ್‌ಪೆಕ್ಟರ್ ಸಾಬ್! ನನ್ನ ಜನ್ಮದಲ್ಲಿ ಇಂಥದ್ದು ಕಂಡಿಲ್ಲ. ಹೆಸರೇನು?’

ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಒಂದು ಚಿಟಿಕೆ ಕೊಡಿ, ಮಗಳ ನಿಕಾಹ್‌ಗೆ ದುಪಟ್ಟಾ ಅದ್ದುತ್ತೇನೆ ಎಂದರು. ಇದು ಬಣ್ಣವಲ್ಲ ಎಂದೆ. ಅವರು ನಂಬಲಿಲ್ಲ.

ಕೋಟೆ ಬರುವ ಹೊತ್ತಿಗೆ ಕರವಸ್ತ್ರ ನಶ್ಯದ ಬಣ್ಣಕ್ಕೆ ತಿರುಗಿತ್ತು. ಸಾಬರು ಅದನ್ನು ಬಿಸಿಲಿಗೆ ಹಿಡಿದು ನೋಡಿ ನಿಟ್ಟುಸಿರಿಟ್ಟರು. ‘ಹೆಸರು ಇಷ್ಟು ಉದ್ದ, ರಂಗು ಇಷ್ಟು ಗಿಡ್ಡ! ಸರ್ಕಾರದ್ದೇ ಮಾಲು, ಅನುಮಾನ ಇಲ್ಲ.’

ದೃಷ್ಟಿ ತೆಗೆದ ನೀರು

ಸರಗೂರಿನ ಆಚೆ ಒಂದು ಹಳ್ಳಿ. ಅಲ್ಲಿಯ ಹಳ್ಳದ ಮೇಲ್ಗಡೆ ಊರಿನಲ್ಲಿ ಆಗಲೇ ಹೆಣ ಬಿದ್ದಿದ್ದವು. ಈ ಊರು ಉಳಿಯಬೇಕಾದರೆ ಜನ ಹಳ್ಳದ ನೀರು ಬಿಟ್ಟು ಬಾವಿ ನೀರು ಕುಡಿಯಬೇಕು. ಪಟೇಲರು ಒಪ್ಪಿದರು. ಬೆಳಕು ಹರಿಯುವಾಗ ಹರಳು ಹಾಕಿದೆ. ನೇರಳೆ ಎಳೆಗಳು ಬಳುಕುತ್ತ ಇಳಿದು, ಕೊನೆಗೆ ಬಾವಿ ತುಂಬ ಗುಲಾಬಿ. ನಾನೂ ಸ್ವಲ್ಪ ಹೊತ್ತು ಕೆಲಸ ಮರೆತು ನೋಡುತ್ತ ನಿಂತೆ.

ಹೆಂಗಸರು ಬಂದರು, ಬಗ್ಗಿ ನೋಡಿದರು, ಖಾಲಿ ಕೊಡ ಹೊತ್ತು ನೇರವಾಗಿ ಹಳ್ಳಕ್ಕೆ ಹೋದರು.

ಅಲ್ಲಿ ಮದ್ದು ಕೊಡುವ ಅಜ್ಜಿಯೊಬ್ಬಳಿದ್ದಳು. ಊರು ಅವಳ ಮಾತು ಕೇಳುತ್ತಿತ್ತು. ಯಾಕವ್ವ ಹೀಗೆ ಎಂದೆ.

‘ಆರತಿ ನೀರ ಯಾರಾರ ಕುಡಿದಾರಾ ಸೋಮಿ? ಮದುವೆ ಗಂಡಿಗೆ ದಿಷ್ಟಿ ತೆಗೆದು ದಾರೀಗೆ ಚೆಲ್ತೀವಿ. ಮೈಸೂರೋರು ಅವರ ದಿಷ್ಟಿನೆಲ್ಲ ತಗುದು ನಮ್ಮ ಬಾವಿಗೇ ಸುರಿಯಾದಾ?’

ಅರ್ಥವಿವರಣೆ

ಬಾವಿಕಟ್ಟೆಯ ಮೇಲೆ ನಿಂತು ಪಾಠ ಮಾಡಿದೆ. ಪೊಟ್ಯಾಸಿಯಂ ಎಂದರೆ ಬೂದಿಯಲ್ಲಿ ಸಿಗುವ ಲೋಹ. ಮ್ಯಾಂಗನೀಸ್ ಕಲ್ಲಿನಲ್ಲಿ ಸಿಗುವುದು. ‘ಪರ್’ ಎಂದರೆ ಅದರಲ್ಲಿ ಆಮ್ಲಜನಕ ಹೆಚ್ಚು. ಅದು ಕ್ರಿಮಿಯನ್ನು ಸುಡುತ್ತದೆ. ಜನ ಗಂಭೀರವಾಗಿ ಕೇಳಿ, ಗಂಭೀರವಾಗಿ ಹಳ್ಳಕ್ಕೆ ಹೋದರು. ಮರುದಿನ ಬಾವಿಯ ಬಣ್ಣವೂ ಹೋಗಿತ್ತು.

ಅಜ್ಜಿ ಮಾತ್ರ ಉಳಿದಳು. ‘ಆಕುವಾಗ ಅದರ ಎಸರ ಕೂಗಿದ್ರಾ?’

‘ಯಾಕೆ ಕೂಗಬೇಕು?’

‘ಗಿಡ ಕೀಳಾಕೆ ಮುಂಚೆ ಎಸರಿಡಿದು ಕೂಗಿ ಎಬ್ಬಿಸ್ತೀನಿ ಕಣಪ್ಪ, ಒದ್ದೆ ಬಟ್ಟೇಲಿ. ಮಲಗಿರೋ ಮದ್ದು ಏನು ಕೆಲಸ ಮಾಡಾತು?’

ಹೆಣಗಳ ಸುದ್ದಿ ಹತ್ತಿರ ಬರುತ್ತಿತ್ತು. ವಾದಕ್ಕೆ ಪುರಸೊತ್ತಿರಲಿಲ್ಲ. ತಲೆಗೆ ನೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ನಡುಗುತ್ತ, ಮಂಜಿನ ಮಧ್ಯೆ ಬಾವಿಗೆ ಬಗ್ಗಿ ಪೂರ್ತಿ ಹೆಸರನ್ನು ಕೂಗಿದೆ. ಬಾವಿ ಅದನ್ನು ನನಗಿಂತ ಇಂಪಾಗಿ ತಿರುಗಿ ಹೇಳಿತು. ಹರಳು ಹಾಕಿದೆ, ಗುಲಾಬಿ ಮತ್ತೆ ಅರಳಿತು. ಅಜ್ಜಿ ಮೊದಲ ಬೊಗಸೆ ಕುಡಿದಳು. ಕೊಡಗಳು ಸಾಲು ನಿಂತವು.

ನಾಲ್ಕು ವರ್ಷ ರಸಾಯನಶಾಸ್ತ್ರ ಓದಿದವನಿಗೆ ಅಜ್ಜಿ ಕೊಟ್ಟ ಸರ್ಟಿಫಿಕೇಟು: ‘ಗಂಟಲು ಪರವಾಗಿಲ್ಲ ಬುಡಿ.’

ದೊಡ್ಡ ಸಾಹೇಬರ ತನಿಖೆ

ಆ ಊರಿಗೆ ವಾಂತಿಭೇದಿ ಬರಲಿಲ್ಲ. ಅದು ಹೇಗೆಂದು ನೋಡಲು ಮೈಸೂರಿನಿಂದ ನಮ್ಮ ಇಲಾಖೆಯ ದೊಡ್ಡ ಸಾಹೇಬರು ಬಂದರು. ವಿಲಾಯತಿಯಲ್ಲಿ ಓದಿದವರು, ಬೂಟು ಹೊಳೆಯುತ್ತಿತ್ತು.

‘ನಿಮ್ಮ ಬಾವಿಗೆ ಏನು ಹಾಕಿದ್ದಾರೆ, ಗೊತ್ತೇ?’ ಎಂದು ಜನರನ್ನು ಕೇಳಿದರು.

ಊರಿಗೆ ಊರೇ ಕೈಮುಗಿದು, ಒಂದೇ ದನಿಯಲ್ಲಿ, ಒಂದಕ್ಷರ ತಪ್ಪದೆ ‘ಪೊಟ್ಯಾಸಿಯಂ ಪರ್ಮಾಂಗನೇಟ್’ ಎಂದಿತು. ಸಾಹೇಬರು ಬೆರಗಾಗಿ ನನ್ನ ಬೆನ್ನು ತಟ್ಟಿದರು. ಆಮೇಲೆ ಅಜ್ಜಿಯತ್ತ ತಿರುಗಿದರು. ‘ಅದರ ಅರ್ಥ ಗೊತ್ತೇನಮ್ಮ?’

ನಾನು ಬಾವಿಯ ಕಡೆ ನೋಡತೊಡಗಿದೆ.

‘ಅರ್ಥ ಏಳಿದಾಗ ಒಬ್ಬರೂ ಕುಡೀನಿಲ್ಲ ಸೋಮಿ,’ ಎಂದಳು ಅಜ್ಜಿ. ‘ಅರ್ಥ ಬುಟ್ಟು, ಈ ಸೋಮಿ ಒದ್ದೆ ಪಂಚೇಲಿ ನಿಂತು ಕೂಗಿದ ಮೇಲೇಯ ಮದ್ದು ಎದ್ದದ್ದು.’

ಸಾಹೇಬರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ತೋಳು ಹಿಡಿದು ಹುಣಸೆಮರದ ಮರೆಗೆ ಕರೆದೊಯ್ದರು. ನನ್ನ ಕೆಲಸ ಹೋಯಿತೆಂದುಕೊಂಡೆ.

ಅವರು ದನಿ ತಗ್ಗಿಸಿ ಹೇಳಿದರು: ‘ಪಿರಿಯಾಪಟ್ಟಣದ ಕಡೆ ಒಬ್ಬನೂ ಕುಡಿಯುತ್ತಿಲ್ಲ, ಕಣ್ರೀ. ಪಂಚೆ ಪೂರ್ತಿ ಒದ್ದೆಯಾಗಬೇಕೇ, ಅಂಚು ನೆನೆದರೆ ಸಾಕೇ?’