ಶಾರದಮ್ಮನವರ ಲಾನು

ನಮ್ಮ ಕಾನ್ವೆಂಟಿನಲ್ಲಿ ಕನ್ಫೆಷನ್ ಎಂಬ ಸವಲತ್ತು ಕ್ರೈಸ್ತ ಹುಡುಗಿಯರಿಗೆ ಮಾತ್ರ ಇತ್ತು. ಅವರು ಶನಿವಾರ ಸಾಲಾಗಿ ಒಳಗೆ ಹೋಗಿ, ಕದ್ದು ತಿಂದ ಪೇರಲಹಣ್ಣಿನಿಂದ ಹಿಡಿದು ಸಿಸ್ಟರಿಗೆ ಇಟ್ಟ ಅಡ್ಡಹೆಸರಿನವರೆಗೆ ಎಲ್ಲವನ್ನೂ ಹೇಳಿ ಹಗುರಾಗಿ ಹೊರಗೆ ಬರುತ್ತಿದ್ದರು. ನಾವು ಹಿಂದೂ ಹುಡುಗಿಯರು ಅದೇ ಪೇರಲಹಣ್ಣಿನ ಪಾಪವನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೊರಗಿನ ಬೆಂಚಿನ ಮೇಲೆ ಕೂತಿರುತ್ತಿದ್ದೆವು. ಆಗ ಹೇಳದೆ ಉಳಿದವೆಲ್ಲ ಸಣ್ಣವು. ದೊಡ್ಡದೊಂದು ಮದುವೆಯಾದ ಮೇಲೆ ಸೇರಿಕೊಂಡಿತು. ಈ ವಯಸ್ಸಿನಲ್ಲಿ ಯಾವ ಫಾದರನ್ನು ಹುಡುಕಿಕೊಂಡು ಹೋಗಲಿ? ನಿಮಗೇ ಹೇಳಿಬಿಡುತ್ತೇನೆ. ನಾನು ಯಾರ ಚಿನ್ನ ನೋಡಿಯೂ ಹೊಟ್ಟೆಕಿಚ್ಚು ಪಟ್ಟವಳಲ್ಲ, ರೇಷ್ಮೆ ಸೀರೆ ನೋಡಿಯೂ ಅಲ್ಲ. ಹುಲ್ಲು ನೋಡಿ ಪಟ್ಟವಳು. ದನಕ್ಕೆ ಬರಬೇಕಾದ ಮತ್ಸರ ನನಗೆ ಬಂದಿತ್ತು.

ಬಳ್ಳಾರಿಯಲ್ಲಿ ಈಗ ಪಾರ್ವತಿನಗರ ಎಂದು ಬೆಳೆದಿದೆಯಲ್ಲ, ಆ ಕಡೆ ಆಗ ದೂರ ದೂರಕ್ಕೆ ನಾಲ್ಕಾರು ಕಾಂಪೌಂಡಿನ ಮನೆಗಳು. ನಮ್ಮದು ವಕೀಲರ ಮನೆ, ಸ್ವಲ್ಪ ಏರಿನಲ್ಲಿ. ಪಕ್ಕದ ಇಳಿಜಾರಿನಲ್ಲಿ ಹತ್ತಿ ಜಿನ್ನಿನ ಸಾಹುಕಾರರ ಮನೆ. ಅವರ ಹೆಂಡತಿ ಶಾರದಮ್ಮ. ಬಿಳಿಯರು ದೇಶ ಬಿಟ್ಟು ಹೊರಟಾಗ ಕಂಟೋನ್ಮೆಂಟಿನಲ್ಲಿ ಅವರ ಸಾಮಾನು ಹರಾಜಾಯಿತು. ಶಾರದಮ್ಮನ ಗಂಡ ಹುಲ್ಲು ಕತ್ತರಿಸುವ ಮೆಷೀನು ತಂದರು. ನನ್ನ ಗಂಡ ಕ್ರೋಕೆ ಎಂಬ, ಮರದ ಸುತ್ತಿಗೆಯಿಂದ ಚೆಂಡು ಹೊಡೆಯುವ ಆಟದ ಸೆಟ್ಟು ತಂದರು. ಕ್ರೋಕೆ ಆಡಲು ಲಾನು ಬೇಕು. ನಮ್ಮ ಅಂಗಳದಲ್ಲಿದ್ದದ್ದು ಕಲ್ಲು, ಕೆಂಪು ಮಣ್ಣು ಮತ್ತು ಓತಿಕ್ಯಾತ. “ಲಾನ್ ಕ್ಯಾನ್ ಕಮ್ ಲೇಟರ್” ಎಂದರು ನಮ್ಮ ಯಜಮಾನರು, ಕೇಸು ಮುಂದೂಡುವ ದನಿಯಲ್ಲಿ.

ಶಾರದಮ್ಮನ ಲಾನು ಹೇಗಿತ್ತು ಅಂದರೆ, ಏಪ್ರಿಲ್ ತಿಂಗಳಲ್ಲಿ, ಕೋಟೆಯ ಗುಡ್ಡವೇ ಕಾದ ಹೆಂಚಾಗಿ ಕುಳಿತಿರುವಾಗ, ಅದು ಮಾತ್ರ ಈಗಷ್ಟೇ ಮಿಂದು ಬಂದ ಹಾಗೆ ಇರುತ್ತಿತ್ತು. ಇಡೀ ಊರಿಗೆ ನಲ್ಲಿಯ ನೀರು ಗಂಟೆ ಹೊತ್ತು, ಬಾವಿಯ ನೀರು ಸವುಳು. ಅವರಿಗೆ ಮಾತ್ರ ಎಲ್ಲಿಂದ? ಕೇಳಲು ನನ್ನ ಅಭಿಮಾನ ಬಿಡಲಿಲ್ಲ. ಆಕೆ ಸಾಲಿ ಮೆಟ್ಟಿಲು ಹತ್ತಿದ್ದು ನಾಲ್ಕು ವರ್ಷ. ನಾನು ಡ್ಯಾಫೊಡಿಲ್ ಹೂವಿನ ಮೇಲೆ ಎಸ್ಸೇ ಬರೆದು ಪ್ರೈಜ್ ತೊಗೊಂಡವಳು, ಅದನ್ನು ಕಣ್ಣಿಂದ ನೋಡಿರಲಿಲ್ಲ, ಆ ಮಾತು ಬೇರೆ. ಲೇಡೀಸ್ ಕ್ಲಬ್ಬಿನ ವರ್ಷದ ಟೀ ಪಾರ್ಟಿ ಪ್ರತಿ ಸಲವೂ ಅವರ ಲಾನಿನ ಮೇಲೇ. “ಬರ್ರಿ ಬರ್ರಿ, ಚಪ್ಪಲಿ ಬಿಟ್ಟು ಅಡ್ಡಾಡ್ರಿ, ಪಾದ ತಂಪಕ್ಕಾವು” ಎಂದು ಆಕೆ ಕರೆದರೆ ನನ್ನ ಪಾದ ತಂಪಾಗಿ, ಆ ಬಿಸಿಯೆಲ್ಲ ಮೇಲೇರಿ ತಲೆಗೆ ಬರುತ್ತಿತ್ತು. ಸಾಲದ್ದಕ್ಕೆ ಪ್ರತಿ ಶುಕ್ರವಾರ ತಪ್ಪದೆ ಒಂದು ಮೊಳ ಮಲ್ಲಿಗೆ, ಎರಡು ವೀಳ್ಯದೆಲೆ ಕಳಿಸುತ್ತಿದ್ದರು. ನೋಡು, ನನ್ನಲ್ಲಿ ಹೂವೂ ಬೆಳೆಯುತ್ತದೆ ಎಂಬ ಶೋ ಇದು ಎಂದು ನಾನು ಅದನ್ನು ಮುಡಿಯದೆ ದೇವರ ಪಟಕ್ಕೆ ಏರಿಸಿಬಿಡುತ್ತಿದ್ದೆ. ದೇವರಿಗೆ ಪಕ್ಕದ ಮನೆ ಇಲ್ಲ ನೋಡಿ, ಮುಡಿದುಕೊಳ್ಳುತ್ತಿದ್ದ.

ಎರಡೂ ಮನೆಯ ತೋಟದ ಕೆಲಸಕ್ಕೆ ಬರುತ್ತಿದ್ದವನು ಕುರುಗೋಡಿನ ಈರಣ್ಣ. ಮೀಸೆ ಬೆಳ್ಳಗಾದ ಮನುಷ್ಯ, ಕೇಳಿದ್ದಕ್ಕಷ್ಟೇ ಉತ್ತರ. ಅವನಿಂದ ಮೂರು ಸಲ ಗರಿಕೆ ನೆಡಿಸಿದೆ. ಮೂರು ಸಲವೂ ಅದು ತೆಂಗಿನ ನಾರಾಯಿತು. ನಾನು ದಿನಾ ಬೆಳಿಗ್ಗೆ ನಿಂತು ಬಯ್ಯುವುದನ್ನು ನೋಡಿ ಅವನು ಹೇಳಿದ: “ಅಮ್ಮಾರ, ಹುಲ್ಲಿಗೆ ನೀರು ಬೇಕ್ರಿ. ಬೈಗುಳ ಕುಡದು ಬೆಳಿಯಾಕ ಅದೇನು ನಿಮ್ಮನಿ ಗುಮಾಸ್ತ ಏನ್ರಿ?”

ಆ ವರ್ಷ ನನ್ನ ತಂಗಿಯ ಬಾಣಂತನಕ್ಕೆಂದು ಸಿರುಗುಪ್ಪಕ್ಕೆ ಹೋದೆ. ಕಾಲುವೆಯ ಊರು. ಬಸ್ಸಿನಿಂದ ಇಳಿದವಳು ಅಲ್ಲೇ ನಿಂತುಬಿಟ್ಟೆ. ಗದ್ದೆಯ ಮೂಲೆಯಲ್ಲಿ ಭತ್ತದ ಸಸಿಮಡಿ. ಗಿಣಿಯ ರೆಕ್ಕೆಯನ್ನು ಹಾಸಿದ ಹಾಗೆ. ಅದರ ಮುಂದೆ ಶಾರದಮ್ಮನ ಲಾನು ಒಗೆದು ಒಗೆದು ಬಣ್ಣ ಹೋದ ಜಮಖಾನ. ಭತ್ತವೂ ಹುಲ್ಲಿನ ಜಾತಿಯೇ ಎಂದು ಬಾಟನಿಯಲ್ಲಿ ಕಲಿತದ್ದು ನೆನಪಿಗೆ ಬಂತು. ಕಾನ್ವೆಂಟಿನ ಎಜುಕೇಷನ್ ಯಾವಾಗ ಕೈ ಹಿಡಿಯುತ್ತದೆಂದು ಹೇಳಲಾಗದು. ಬಾಣಂತಿಗೆ ಎರಡು ದಿನ ಎಣ್ಣೆ ನೀರು ಹಾಕಿ, ಬೀಜದ ಭತ್ತದ ಚೀಲದೊಂದಿಗೆ ಹೊರಟೆ. ತಂಗಿಯ ಅತ್ತೆ ಬಾಗಿಲಲ್ಲಿ ನಿಂತು ನಕ್ಕಳು: “ಏನವ್ವಾ, ವಕೀಲರ ಹೆಂಡ್ತಿ ಅಂಗಳದಾಗ ನೆಲ್ಲು ಬಿತ್ತತಾಳಂತ! ರೇಷನ್ ಅಕ್ಕಿ ಸಾಲವಲ್ದೇನು?”

“ಇದು ತಿನ್ನಾಕಲ್ರಿ, ನೋಡಾಕ” ಎಂದೆ.

“ನೆಲ್ಲು ನೋಡಾಕ ಬೆಳಿಯೋ ಮನಿ ಇದೇ ಮದಲು ಕೇಳಿದ್ದು ನಾನು. ಹೋಗಿ ಬಾರವ್ವಾ.”

ಸಸಿಮಡಿಗೆ ನೀರು ನಿಲ್ಲಬೇಕು. ಇದ್ದ ದಾರಿ ಒಂದೇ, ಬಚ್ಚಲದ್ದು. ಹಿತ್ತಲಲ್ಲಿ ಅದು ಎಲ್ಲಿಗೋ ಹರಿದು ಹೋಗುತ್ತಿತ್ತು. ಎಲ್ಲಿಗೆ ಎಂದು ನಾನು ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ. ವಕೀಲರ ಹೆಂಡತಿ ಬಚ್ಚಲ ಮೋರಿಯನ್ನು ಬಗ್ಗಿ ನೋಡುತ್ತಾಳೆಯೇ? “ಅದನ್ನ ಅಲ್ಲಿ ಮುಚ್ಚಿ ಮುಂದಿನ ಅಂಗಳಕ್ಕ ತಿರುವು” ಎಂದೆ ಈರಣ್ಣನಿಗೆ.

ಅವನು ಗುದ್ದಲಿ ಹಿಡಿದು ನಿಂತ. “ಮುಚ್ಚಲೇನ್ರಿ? ಖರೇ?”

“ಮುಚ್ಚು ಅಂದ್ರ ಮುಚ್ಚು.”

ಮುಚ್ಚಿದ. ನಮ್ಮ ಮನೆಯಲ್ಲಿ ಎಲ್ಲರೂ ದಿನಕ್ಕೆರಡು ಸಲ ಸ್ನಾನ ಮಾಡಬೇಕೆಂದು ರೂಲ್ ಆಯಿತು. ಯಜಮಾನರು ಕೋರ್ಟಿನಿಂದ ಬಂದೊಡನೆ ಕಾಫಿಗೆ ಮೊದಲು ಬಿಂದಿಗೆ. “ನಾನೇನು ಮನುಷ್ಯನೋ, ಗದ್ದೆಗೆ ನೀರೆತ್ತುವ ಕಪಿಲೆಯೋ?” ಎಂದರು. ಎಂಟನೆಯ ದಿನಕ್ಕೆ ಮೊಳಕೆ, ಹದಿನೈದಕ್ಕೆ ಗಿಣಿ ಹಸಿರು. ಈರಣ್ಣ ಕುಡುಗೋಲಿನಿಂದ ಮೇಲೆ ಮೇಲೆ ಸಮ ಮಾಡಿ ಕತ್ತರಿಸುತ್ತಿದ್ದ. ಗೋಡೆಯಾಚೆ ಇಣುಕಿದರೆ, ಏನು ಹೇಳಲಿ, ಶಾರದಮ್ಮನ ಲಾನು ಹಳದಿ ತಿರುಗಿತ್ತು. ಹೋಗಲಿ ಪಾಪ ಎನ್ನಬೇಕಿತ್ತು. ನಾನು ಕಾಫಿ ಲೋಟವನ್ನು ಅಲ್ಲಿಗೇ ತಂದುಕೊಂಡು ನಿಂತು ಕುಡಿದೆ. ಅಂಥ ಕಾಫಿ ಆಮೇಲೆ ಕುಡಿದಿಲ್ಲ.

ಕಲೆಕ್ಟರರ ಹೆಂಡತಿ, ಮದ್ರಾಸಿನವರು, ನಮ್ಮ ಕ್ಲಬ್ಬಿನ ಪ್ರೆಸಿಡೆಂಟು, ಒಂದು ಸಂಜೆ ಕಾರು ನಿಲ್ಲಿಸಿ, “ಹೌ ಲವ್ಲಿ! ದಿಸ್ ಇಯರ್ ದಿ ಟೀ ಮಸ್ಟ್ ಬಿ ಹಿಯರ್” ಎಂದರು. ನನ್ನ ಜನ್ಮ ಸಾರ್ಥಕವಾಯಿತು.

ಪಾರ್ಟಿಯ ದಿನ ಈರಣ್ಣ ಕುರ್ಚಿ ಹಾಕಲು ಹಿಂದೆ ಮುಂದೆ ನೋಡಿದ. “ಅಮ್ಮಾರ, ಸಸಿ ಮ್ಯಾಲ ಹಾಕ್ಲೇನ್ರಿ?” “ಲಾನ್ ಮ್ಯಾಲ ಹಾಕು” ಎಂದು ತಿದ್ದಿದೆ. ಹಾಕಿದ. ಪ್ರೆಸಿಡೆಂಟರು ಮಧ್ಯದ ಕುರ್ಚಿಯಲ್ಲಿ ಕೂತು ಹೆಣ್ಣುಮಕ್ಕಳ ಏಳಿಗೆಯ ಬಗ್ಗೆ ಭಾಷಣ ಶುರು ಮಾಡಿದರು. ಏಳಿಗೆ ಎನ್ನುತ್ತಿದ್ದಂತೆ ಅವರು ಇಳಿಯತೊಡಗಿದರು. ಮೊದಲು ಕುರ್ಚಿಯ ಹಿಂಗಾಲು, ಆಮೇಲೆ ಮುಂಗಾಲು. ಅವರು ಮರ್ಯಾದಸ್ಥ ಹೆಣ್ಣುಮಗಳು, ಮಾತು ನಿಲ್ಲಿಸಲಿಲ್ಲ. ಕೇಕಿನ ಟೇಬಲ್ಲು ಒಂದು ಕಡೆ ವಾಲಿತು. ಒಂದು ಕಪ್ಪೆ ಎದ್ದು ಸ್ಪಂಜ್ ಕೇಕಿನ ಮೇಲೆ ಕೂತು ಸಭೆಯನ್ನು ನೋಡಿತು. ಆಮೇಲೆ ಕಿರುಚಾಟ. ಪ್ರೆಸಿಡೆಂಟರನ್ನು ಎಳೆದೆಬ್ಬಿಸಿದರೆ ಚಪ್ಪಲಿ ಎರಡೂ ಕೆಸರಿನಲ್ಲೇ ಉಳಿದವು. ನಾಟಿ ಮಾಡಿದ ಹಾಗೆ.

“ಬರ್ರಿ ಯಕ್ಕಾ, ಎಲ್ಲಾರೂ ನಮ್ಮನಿಗೆ ಬರ್ರಿ. ಹುಲ್ಲು ಒಣಗೇತಿ ಖರೆ, ನೆಲ ಗಟ್ಟಿ ಐತಿ” ಎಂದು ಶಾರದಮ್ಮ ಟೀ ಕೆಟಲನ್ನು ತಾವೇ ಎತ್ತಿಕೊಂಡು ನಡೆದರು. ಪಾರ್ಟಿ ಅಲ್ಲೇ ಮುಗಿಯಿತು. ಕಡೆಗೆ ನನ್ನ ಕಾಲಿಗೆ ನೀರು ಹಾಕುತ್ತ ಆಕೆ ಮೆಲ್ಲಗೆ ಕೇಳಿದರು: “ಯಕ್ಕಾ, ನನ್ನಿಂದ ಏನಾರ ತಪ್ಪಾತೇನ್ರಿ? ಇಪ್ಪತ್ತು ದಿನ ಆತು, ಗೋಡಿ ಕೆಳಗ ನಿಮ್ಮ ಬಚ್ಚಲ ನೀರು ಬರವಲ್ದು. ಅದರ ಮ್ಯಾಲೇ ಈ ಹುಲ್ಲೆಲ್ಲಾ ನಿಂತಿತ್ತು. ನಿಮ್ಮ ಋಣ ಅಂತನ ನಾನು ಶುಕ್ರವಾರಕ್ಕೊಮ್ಮೆ ಹೂವಾ ಕಳಸ್ತಿದ್ದೆ. ನಿಮಗ ಸಿಟ್ಟು ಬಂದೇತೇನೋ, ಕೇಳಾಕ ಅಂಜಿದ್ನಿರಿ.”

ಇಷ್ಟು ವರ್ಷ ನಾನು ಗೋಡೆ ಹಿಡಿದು ಉರಿದದ್ದು ನನ್ನದೇ ಸೀಗೆಕಾಯಿ ನೀರಿನ ಮೇಲೆ.

“ನಿನಗ ಗೊತ್ತಿತ್ತಲ್ಲೋ ಈರಣ್ಣ?” ಎಂದು ಮರುದಿನ ಹಾರಿಬಿದ್ದೆ.

“ಖರೇ ಏನ್ರಿ ಅಂತ ಕೇಳಿದ್ನೆಲ್ರಿ” ಎಂದ. ಸಸಿಯನ್ನೆಲ್ಲ ಕಿತ್ತು ಕಟ್ಟು ಕಟ್ಟಿ ಸಿರುಗುಪ್ಪದ ಬಸ್ಸಿಗೆ ಹಾಕಿದ, ಮೋರಿಯನ್ನು ಮೊದಲಿನಂತೆ ಬಿಡಿಸಿದ. ಆ ಶುಕ್ರವಾರದ ಮಲ್ಲಿಗೆಯನ್ನು ನಾನೇ ಮುಡಿದುಕೊಂಡೆ. ಮನಸ್ಸು ತಿಳಿಯಾಯಿತು, ಪಾಪ ಕಳೆಯಿತು ಎಂದುಕೊಂಡೆ.

ಹದಿನೈದು ದಿನಕ್ಕೆ ಅವರ ಹುಲ್ಲು ಮತ್ತೆ ಚಿಗುರಿತು. ಕಾಫಿ ಹಿಡಿದು ಗೋಡೆಯಾಚೆ ನೋಡಿದೆ. ಮಿಂದು ಬಂದ ಹಾಗೆ ಹಸಿರು. ಒಳಗೆ ಬಂದವಳು ಬಚ್ಚಲಿಗೆ ಹೋಗಿ, ಆ ದಿನದಿಂದ ದಿನಾ ಎರಡು ತಂಬಿಗೆ ಕಡಿಮೆಯೇ ಮಿಂದೆ.