ದೀಪ ಹಚ್ಚಿದ ಮೇಲೆ ಕೊಟ್ಟ ಪಾಸ್‌ವರ್ಡು

ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು, ಉಪ್ಪು ಕೊಡಬಾರದು ಎಂಬುದು ಶೈಲಜಾಳಿಗೆ ತವರಿನಿಂದ ಬಂದ ಶಾಸ್ತ್ರ. ವೈಫೈ ಪಾಸ್‌ವರ್ಡಿನ ಬಗ್ಗೆ ಆ ಶಾಸ್ತ್ರ ಏನೂ ಹೇಳಿರಲಿಲ್ಲ. ಹೀಗಾಗಿ ಒಂದು ಸಂಜೆ ಪಕ್ಕದ ಮನೆಯ ತಿಪ್ಪಕ್ಕ ಬಾಗಿಲಲ್ಲಿ ನಿಂತು, ಮಗಳ ಜೊತೆ ವಿಡಿಯೋದಲ್ಲಿ ಮಾತಾಡಬೇಕು, ನಿಮ್ಮ ನೆಟ್ ಒಂದೀಟು ಕೊಡ್ರಿ ಎಂದಾಗ ಶೈಲಜಾಳ ಗಂಡ ಶಂಭುಲಿಂಗ ಹಿಂದೆಮುಂದೆ ನೋಡದೆ ಕೊಟ್ಟುಬಿಟ್ಟ. ಹೆಪ್ಪು ಕೊಟ್ಟರೆ ನಮ್ಮ ಮೊಸರೇನೂ ಕಡಿಮೆಯಾಗುವುದಿಲ್ಲವಲ್ಲ ಎಂದು ಅವನ ಲೆಕ್ಕ. ಆದರೆ ಹೆಪ್ಪು ಮನೆಯಿಂದ ಮನೆಗೆ ಹೋಗುವ ವಸ್ತು. ಪಾಸ್‌ವರ್ಡೂ ಹಾಗೆಯೇ ತಿಪ್ಪಕ್ಕನಿಂದ ಎದುರು ಮನೆಯ ಜಂಬುನಾಥ ಮೇಷ್ಟ್ರಿಗೆ, ಮೇಷ್ಟ್ರಿಂದ ಹಿಂದಿನ ಮನೆಯ ಪರಶುರಾಮನಿಗೆ ಹೋಯಿತು. ಅಲ್ಲಿಂದ ಮುಂದೆ ಎಲ್ಲೆಲ್ಲಿ ಹೋಯಿತೋ ಆ ಹಂಪಿ ವಿರೂಪಾಕ್ಷನೇ ಬಲ್ಲ.

ಶಂಭುಲಿಂಗ ಯಶವಂತನಗರದ ಕಡೆಯ ಒಂದು ಗಣಿಯಲ್ಲಿ ಟೈಮ್‌ಕೀಪರ್. ದಿನವಿಡೀ ಲಾರಿಗಳ ಸದ್ದು ಕೇಳಿ ಬರುವವನಿಗೆ ಹೊಸಪೇಟೆಯ ಈ ಬಾಡಿಗೆ ಮನೆಯೇ ಸ್ವರ್ಗ. ಸಿಹಿನೀರಿನ ನಲ್ಲಿ, ಶೈಲಜಾ ಪಾಠ ಮಾಡುವ ಶಾಲೆಗೆ ನಡೆದೇ ಹೋಗುವಷ್ಟು ದಾರಿ, ಎಲ್ಲಕ್ಕಿಂತ ಹೆಚ್ಚಾಗಿ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಹಳೆಯ ಹಾಡು ಮೆಲ್ಲಗೆ ಕೇಳಬೇಕೆಂದು ವೈಫೈ ಸ್ಪೀಕರೊಂದನ್ನು ತರಿಸಿದ್ದ. ಚೆಂಬಿನಷ್ಟು ಗಾತ್ರದ ಕರಿ ಸಾಮಾನು. ಫೋನಿನಲ್ಲಿ ಹಾಡು ಒತ್ತಿದರೆ ಸಾಕು, ಮನೆಯ ನೆಟ್ಟಿನಿಂದಲೇ ಹಿಡಿದುಕೊಂಡು ಹಾಡುತ್ತಿತ್ತು.

ಇಂಥ ಮನೆಗೇ ಇವತ್ತು ಕುತ್ತು ಬಂದಿತ್ತು. ಮಾಲೀಕ ದೊಡ್ಡಬಸಪ್ಪನವರು ಕಂಪ್ಲಿಯ ಅಕ್ಕಿ ಗಿರಣಿಯ ಸಾವ್ಕಾರರು. ಜೀವಮಾನವೆಲ್ಲ ಗಿರಣಿಯ ಗುಡುಗುಡು ಕೇಳಿದ ಮನುಷ್ಯ. ಮನೆ ಕೊಡುವಾಗ ಅವರು ಹಾಕಿದ್ದು ಒಂದೇ ಶರತ್ತು: "ಗ್ವಾಡಿಗೆ ಮೊಳಿ ಹೊಡದ್ರೂ ನಡೀತೈತಿ, ಗದ್ದಲ ಆಗಬಾರ್ದು." ಕರಾರು ಈಗ ಮುಗಿಯುತ್ತ ಬಂದಿತ್ತು. ಸಂಜೆ ಮುಂದೆ ಬಂದು, ಮನೆಯಲ್ಲಿ ಒಂದಿಷ್ಟು ಹೊತ್ತು ಕೂತು ನೋಡಿ, ಮುಂದಿನ ಮಾತು ಹೇಳುತ್ತೇನೆ ಎಂದು ಫೋನ್ ಮಾಡಿದ್ದರು. ಮನೆ ಬಿಡಿ ಎಂದುಬಿಟ್ಟರೆ ಇಂಥದ್ದು ಮತ್ತೆ ಸಿಗುವುದು ಕನಸಿನ ಮಾತು. ಶಂಭುಲಿಂಗ ರಜೆ ಹಾಕಿ ಕೂತ.

ಬೆಳಿಗ್ಗೆ ಚಹಾ ಕುಡಿಯುತ್ತ ಹಾಡು ಹಚ್ಚಿದ್ದ. ಗಾಯಕಿ ಆಲಾಪ ಎತ್ತಿದ್ದಳಷ್ಟೆ, ಸ್ಪೀಕರು ಇದ್ದಕ್ಕಿದ್ದಂತೆ, "ಈಗ ಎರಡು ಚಮಚ ಸಾಸಿವೆ ಹಾಕಿ, ಚಟಪಟ ಎನ್ನಲಿ" ಎಂದಿತು. ಅಡುಗೆಮನೆಯಿಂದ ಶೈಲಜಾ ಹೇಳಿದಳು, "ರೀ, ನಾ ಇನ್ನೂ ಬಾಣಲಿನೇ ಇಟ್ಟಿಲ್ಲ, ಯಾರ ಒಗ್ಗರಣಿ ಇದು?"

ಒಗ್ಗರಣೆ ತಿಪ್ಪಕ್ಕನದು. ವಿಚಾರಿಸಲು ಹೋದ ಶಂಭುಲಿಂಗನಿಗೆ ಆಕೆ ಸಂಕೋಚವಿಲ್ಲದೆ ತೋರಿಸಿದಳು. ಫೋನಿನ ಮೂಲೆಯಲ್ಲಿ ಒಂದು ಗುರುತು, ಒತ್ತಿದರೆ ಇವನ ಸ್ಪೀಕರಿನ ಹೆಸರು. ಒಂದೇ ನೆಟ್ಟಿನಲ್ಲಿದ್ದವರು ಯಾರು ಬೇಕಾದರೂ ಅದರಲ್ಲಿ ಹಾಡಿಸಬಹುದಂತೆ. "ನಮ್ಮ ಫೋನಿಂದು ದನಿ ಸಣ್ಣದು ಶಂಭಣ್ಣ. ನಿಮ್ಮದರಾಗ ಹಚ್ಚಿದ್ರ ಗ್ವಾಡಿ ಆಚಿಂದ ಚಲೋ ಕೇಳಸ್ತೈತಿ" ಎಂದಳು. ಅವನ ನಲ್ಲಿಯಿಂದ ಒಂದು ಕೊಡ ನೀರು ಹಿಡಿದುಕೊಂಡಷ್ಟೇ ಸಹಜವಾಗಿತ್ತು ಮಾತು. ಮೇಷ್ಟ್ರಿಗೂ ಪರಶುರಾಮನಿಗೂ ಈ ವಿದ್ಯೆಯನ್ನು ಆಕೆ ಆಗಲೇ ದಾನ ಮಾಡಿಯಾಗಿತ್ತು.

ಪಾಸ್‌ವರ್ಡ್ ಬದಲಿಸಿಬಿಡಿ ಎಂದಳು ಶೈಲಜಾ. ಕೊಟ್ಟ ಹೆಪ್ಪನ್ನು ಹೆರೆದುಕೊಡಿ ಎಂದು ವಾಪಸ್ ಕೇಳಿದ ಹಾಗಾಗುತ್ತದೆ ಎಂದು ಶಂಭುಲಿಂಗನಿಗೆ ನಾಚಿಕೆ. ಮನೆಮನೆಗೆ ಹೋಗಿ, ಇವತ್ತೊಂದು ದಿನ ಯಾರೂ ಏನೂ ಹಚ್ಚಬ್ಯಾಡ್ರಿ, ನನ್ನ ಮನೆಯ ಪ್ರಶ್ನೆ ಎಂದು ಕೈಮುಗಿದ. ಎಲ್ಲರೂ ಮರುಗಿ ಒಪ್ಪಿದರು. ಸ್ಪೀಕರನ್ನೇ ಆರಿಸಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸಾವ್ಕಾರರು ಕೂತಾಗ ಸಣ್ಣಗೆ ವೀಣೆ ಹಚ್ಚಿದರೆ ಮನೆಯ ಶಾಂತಿಗೆ ಇನ್ನಷ್ಟು ಕಳೆ ಬರುತ್ತದೆ ಎಂಬ ದುರಾಸೆ ಅವನನ್ನು ಕೆಡಿಸಿತು.

ದೊಡ್ಡಬಸಪ್ಪನವರು ಬಂದರು, ಕುರ್ಚಿಯಲ್ಲಿ ಕೂತರು, ಕಣ್ಣು ಮುಚ್ಚಿದರು. ವೀಣೆ ಮಿಡಿಯುತ್ತಿತ್ತು. ಶಂಭುಲಿಂಗ ಶೈಲಜಾಳ ಕಡೆ ನೋಡಿ ನಕ್ಕ.

ಅತ್ತ ಓಣಿಯ ಜನಕ್ಕೆ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ಪಾಪ, ಶಂಭಣ್ಣನಿಗೆ ನಮ್ಮ ಕೈಲಾದ ಸಹಾಯ ಮಾಡಬೇಕು, ಸಾವ್ಕಾರರಿಗೆ ಒಪ್ಪುವಂಥದ್ದನ್ನೇನಾದರೂ ಹಚ್ಚೋಣ ಎಂದು ಮೂವರಿಗೂ ಒಂದೇ ಹೊತ್ತಿಗೆ ಹೊಳೆಯಿತು. ವೀಣೆಯನ್ನು ತಳ್ಳಿ ತಿಪ್ಪಕ್ಕನ ಭಜನೆ ಬಂತು. ಭಜನೆಯ ಕುತ್ತಿಗೆ ಹಿಡಿದು ಮೇಷ್ಟ್ರ ಪ್ರವಚನ ಬಂತು. "ಮನುಷ್ಯನಾದವನು ಮೊದಲು" ಎನ್ನುವಷ್ಟರಲ್ಲಿ ಪರಶುರಾಮನ ಕೊಳಲು ನುಗ್ಗಿತು. ಕೊಳಲಿನ ನಡುವೆ ಜಾಹೀರಾತಿನ ಒಂದು ಹೆಣ್ಣು ದನಿ, ನಿಮ್ಮ ತಲೆಯಲ್ಲಿ ಹೇನುಗಳಿವೆಯೇ ಎಂದು ದೊಡ್ಡಬಸಪ್ಪನವರನ್ನು ಗಟ್ಟಿಯಾಗಿ ಕೇಳಿತು. ಸಾವ್ಕಾರರು ಕಣ್ಣು ತೆರೆದು ತಮ್ಮ ಬೋಳುತಲೆ ಸವರಿಕೊಂಡರು.

ಶಂಭುಲಿಂಗ ಓಡಿಹೋಗಿ ಪ್ಲಗ್ ಕಿತ್ತ. ಒಳಗೆ ಬ್ಯಾಟರಿ ಇತ್ತು, ಹೇನು ಸಾಯಲಿಲ್ಲ. ಗಾಬರಿಯಲ್ಲಿ ಆರಿಸುವ ಗುಂಡಿ ಕೈಗೆ ಹತ್ತಲಿಲ್ಲ. ಸ್ಪೀಕರನ್ನು ಸೆರಗಿನ ಕೂಸಿನಂತೆ ಅವಚಿಕೊಂಡು ಅಡುಗೆಮನೆಗೆ ಹೋಗಿ ಅಕ್ಕಿ ಡ್ರಮ್ಮಿನಲ್ಲಿ ಹುಗಿದ. ಡ್ರಮ್ಮಿನೊಳಗಿನಿಂದ ಮೇಷ್ಟ್ರ ಪ್ರವಚನ ಇನ್ನೂ ಗಂಭೀರವಾಗಿ ಕೇಳತೊಡಗಿತು. ಕಡೆಗೆ ವೈಫೈ ಯಂತ್ರದ ಸ್ವಿಚ್ಚನ್ನೇ ಆರಿಸಿದ. ಮನೆ ತಣ್ಣಗಾಯಿತು.

ತಣ್ಣಗಾದದ್ದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ದೊಡ್ಡಬಸಪ್ಪನವರಿಗೆ ಯಾವ ಮನೆಗೆ ಹೋದರೂ ಅಕ್ಕಿ ನೋಡುವ ಚಟ. ಎದ್ದು ನೇರವಾಗಿ ಅಡುಗೆಮನೆಗೆ ಬಂದವರೇ, "ಯಾವ ಅಕ್ಕಿ ಉಣ್ತೀರಿ ನೋಡೂಣು" ಎಂದು ಮೊಣಕೈತನಕ ಡ್ರಮ್ಮಿಗೆ ಕೈ ಹಾಕಿದರು. ಅದೇ ಹೊತ್ತಿಗೆ ನೆಟ್ ಹೋಯಿತೆಂದು ಮೂರೂ ಮನೆಯವರು ಫೋನ್ ಹಿಡಿದು ಒಳಗೆ ನುಗ್ಗಿದರು. ಎಲ್ಲರ ಕಣ್ಣೆದುರು ಸಾವ್ಕಾರರು ಅಕ್ಕಿಯೊಳಗಿಂದ ಸ್ಪೀಕರನ್ನು ಎತ್ತಿ ಹಿಡಿದರು. "ಶಂಭುಲಿಂಗಪ್ಪ, ಇದು ಯಾವ ತಳಿ?"

ತಪ್ಪು ನನ್ನದು ಎಂದಳು ತಿಪ್ಪಕ್ಕ, ಇಲ್ಲ ನನ್ನದು ಎಂದರು ಮೇಷ್ಟ್ರು. ಪರಶುರಾಮ ಮಾತಿಗೆ ನಿಲ್ಲದೆ ವೈಫೈ ಹಚ್ಚಿ ಹೇಗೆಂದು ಮಾಡಿಯೇ ತೋರಿಸಿದ. ಆಮೇಲೆ ನಂದೊಂದು ನಿಂದೊಂದು ಎಂದು ಹಾಡುಗಳ ಜಾತ್ರೆಯೇ ಆಯಿತು. ಹೇಗೂ ಮನೆ ಹೋಯಿತು, ಊಟೋಪಚಾರವಾದರೂ ಸರಿಯಾಗಿ ಆಗಲಿ ಎಂದು ಶೈಲಜಾ ಮಂಡಕ್ಕಿ ನೆನೆಸಿ ಒಗ್ಗಾಣಿ ಕಲಸಿ ಮಿರ್ಚಿ ಕರಿದಳು. ಸಾವ್ಕಾರರು ಎರಡು ತಟ್ಟೆ ತಿಂದರು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಮಿರ್ಚಿಯ ಖಾರವೂ ಇತ್ತೆನ್ನಿ. ಶೈಲಜಾ ದೇವರಿಗೆ ದೀಪ ಹಚ್ಚಿ ಬರುವ ಹೊತ್ತಿಗೆ ಅವರು ಗಂಟಲು ಸರಿಮಾಡಿಕೊಂಡರು.

"ಯುಗಾದಿಗೆ ಗಿರಣಿ ನಿಲ್ಲಿಸಿಬಿಟ್ಟೆ" ಎಂದರು ದೊಡ್ಡಬಸಪ್ಪನವರು. "ಅವತ್ತಿಂದ ಮನಿ ತಣ್ಣಗಾಗಿ ನನಗ ನಿದ್ದಿ ಇಲ್ರಿ. ಹಲ್ಲಿ ಲೊಚಗುಟ್ಟಿದ್ರ ಎದಿ ಝಲ್ ಅಂತೈತಿ. ಈ ಓಣಿನೂ ಹಂಗಽ ತಣ್ಣಗಿದ್ರ ನನಗ ಬ್ಯಾಡ, ಮನಿ ನಿಮಗಽ ಇನ್ನೈದು ವರ್ಷ ಇರ್ಲಿ ಅಂತ ಹೇಳಾಕ ಬಂದಿದ್ದೆ. ಇಂಥಾ ಗದ್ದಲ ಬಿಟ್ಟು ನಾ ಯಾಕ ಹೋಗ್ಲಿ? ನಾನಽ ಬಂದಿರ್ತೀನಿ. ನೀವೊಂದು ಬ್ಯಾರೆ ಮನಿ ನೋಡ್ಕೊಳ್ರಿ."

ತಿಪ್ಪಕ್ಕನ ಕಣ್ಣು ತುಂಬಿ ಬಂತು. ಆಕೆಯ ದುಃಖವೂ ನಿಜ, ನೆಟ್ಟಿನ ಚಿಂತೆಯೂ ನಿಜ. "ನಮ್ಮ ಮ್ಯಾಲಿನ ಮನಿ ಖಾಲಿ ಐತಿ. ಶಂಭಣ್ಣನ್ನ ನಾವು ಓಣಿ ಬಿಟ್ಟು ಹೋಗಾಕ ಬಿಡಂಗಿಲ್ಲ" ಎಂದು ಅಲ್ಲಿಯೇ ತೀರ್ಮಾನ ಮಾಡಿದಳು. ಶಂಭುಲಿಂಗನಿಗೆ ಹೋದ ಜೀವ ಅರ್ಧ ಬಂತು. ಅದೇ ನಲ್ಲಿಯ ನೀರು, ಅದೇ ಶಾಲೆಯ ದಾರಿ. ಹೊಸ ಮನೆಗೆ ಹೋದ ದಿನವೇ ಪಾಸ್‌ವರ್ಡ್ ಬದಲಿಸಿ ನಿಶ್ಶಬ್ದವಾಗಿರುವುದು ಎಂದು ಒಳಗೊಳಗೇ ಶಪಥ ಮಾಡಿದ.

"ಭಾಳ ಚಲೋ ಆತು, ಬಾಜೂ ಮನಿಯವರಾದ್ವಿ" ಎಂದು ಸಾವ್ಕಾರರು ಫೋನ್ ತೆಗೆದರು. ಪಾಸ್‌ವರ್ಡ್ ಕೇಳುತ್ತಾರೆಂದು ಶೈಲಜಾಳಿಗೆ ಗೊತ್ತಾಯಿತು. ಈ ಸಲ ಅವಳು ಗಂಡನ ಬಾಯಿಗೆ ಅವಕಾಶವನ್ನೇ ಕೊಡಲಿಲ್ಲ. "ದೀಪ ಹಚ್ಚೀನ್ರಿ ಸಾವ್ಕಾರ್ರ. ದೀಪ ಹಚ್ಚಿದ ಮ್ಯಾಲ ನಮ್ಮ ಮನಿಯಾಗ ಏನೂ ಕೊಡಂಗಿಲ್ಲ."

"ಬ್ಯಾಡ ಬಿಡವ್ವಾ. ಎರಡನೇ ತಟ್ಟಿ ಒಗ್ಗಾಣಿ ಜೋಡಿ ತಿಪ್ಪಕ್ಕ ಆಗಲೇ ಕೊಟ್ಟಾಳ" ಎಂದು ದೊಡ್ಡಬಸಪ್ಪನವರು ಫೋನ್ ಒತ್ತಿದರು.

ಅಕ್ಕಿಕಾಳು ಮೆತ್ತಿಕೊಂಡಿದ್ದ ಸ್ಪೀಕರು ಒಮ್ಮೆ ಕೆಮ್ಮಿ, ಗುಡುಗುಡು ಗುಡುಗುಡು ಎಂದು ಶುರುಮಾಡಿತು. ಕಿಟಕಿಯ ಗಾಜು ನಡುಗಿತು. ಸಾವ್ಕಾರರ ಮುಖ ತೊಟ್ಟಿಲ ಮಗುವಿನ ಹಾಗಾಯಿತು. "ನಮ್ಮ ಗಿರಣಿ. ನಿಲ್ಲಿಸೋ ದಿನ ಫೋನಿನ್ಯಾಗ ತುಂಬಿಕೊಂಡಿದ್ದೆ. ಸಣ್ಣಗ ಕೇಳ್ತಿತ್ತು, ನಿದ್ದಿಗೆ ಸಾಲ್ತಿರಲಿಲ್ಲ. ಇಂಥಾವು ನಾಕು ತರಸ್ತೀನಿ, ಮೂಲಿಗೊಂದು. ರಾತ್ರಿ ಪೂರಾ ನಡೀಲಿ."

ಶಂಭುಲಿಂಗ ಎರಡು ಮನೆಗೂ ಒಂದೇ ಆಗಿದ್ದ ಗೋಡೆಯನ್ನು ಕೆಳಗಿಂದ ಮೇಲಿನತನಕ ನೋಡಿದ. ತಿಪ್ಪಕ್ಕ ಆ ಗೋಡೆಗೆ ಅಂಗೈ ಹಚ್ಚಿ, ಅದರ ನಡುಕ ನೋಡಿ ತಲೆದೂಗಿದಳು.

"ಚಿಂತಿ ಮಾಡಬ್ಯಾಡ್ರಿ ಶಂಭಣ್ಣ, ನಮ್ಮ ಮ್ಯಾಲಿನ ಮನಿಗೆ ಇಲ್ಲಿಗಿಂತ ಚಲೋ ಕೇಳಸ್ತೈತಿ."